ಒಡೆಯದೆ ಉಳಿದ ಗಡಿಗೆ

ಧೀರೇಶ್ವರ ಮಿಶ್ರ ಗಡಿಗೆಯನ್ನು ಎರಡೂ ಕೈಯಲ್ಲಿ ಎತ್ತಿ, ತುಟಿಗೆ ತಾಗಿಸದೆ, ಮೇಲಿನಿಂದ ನೀರು ಸುರಿದುಕೊಂಡು ಗಟಗಟ ಕುಡಿದ. ಮಾವಿನ ತೋಪಿನಲ್ಲಿ ಕೂತಿದ್ದ ಹದಿನಾಲ್ಕು ಮಂದಿ ಪಂಡಿತರು ಅವನ ಗಂಟಲನ್ನೇ ನೋಡುತ್ತಿದ್ದರು. ಕುಡಿದು ಮುಗಿಸಿ, ಗಡಿಗೆ ಕೆಳಗಿಟ್ಟು, ಉತ್ತರೀಯದ ಸೆರಗಿನಿಂದ ಗಡ್ಡ ಒರೆಸಿಕೊಂಡ.

"ನೋಡಿ, ಇನ್ನೂ ಉಸಿರಾಡ್ತಾ ಇದ್ದೀನಿ," ಎಂದ.

ಸಭೆ ನಕ್ಕಿತು. ಪೊಲೀಸು ದಾರೋಗಾ ಕುಂಜಲಾಲ್ ನಗಲಿಲ್ಲ. ಹತ್ತು ಮಾರು ಆಚೆ, ಮಾವಿನ ಬೊಡ್ಡೆಗೆ ಕಟ್ಟಿಹಾಕಿದ್ದ ಕುಂಬಾರ ಫೇಕನ್ ಪಂಡಿತನೂ ನಗಲಿಲ್ಲ. ಮಿಥಿಲೆಯಲ್ಲಿ ಕುಂಬಾರರ ಹೆಸರಿಗೂ ಪಂಡಿತ ಎಂಬ ಬಾಲ ಉಂಟು. ಹಾಗಂತ ಅವರಿಗೆ ಯಾರೂ ಚಾಪೆ ಹಾಸುವುದಿಲ್ಲ, ಬೇಕಾದರೆ ಹಗ್ಗ ಬಿಗಿಯುತ್ತಾರೆ.

ಹನ್ನೆರಡು ದಿನಗಳ ಹಿಂದೆ, ಹೊಸ ಗಡಿಗೆಯ ತಣ್ಣೀರಿನ ಹಬ್ಬದ ಬೆಳಗ್ಗೆ, ನ್ಯಾಯಶಾಸ್ತ್ರದ ಮಹಾಗುರು ಕೀರ್ತಿಧರ ಝಾ ಇದೇ ಫೇಕನ್ ಮಾಡಿದ ಗಡಿಗೆಯ ನೀರು ಕುಡಿದು ಸತ್ತಿದ್ದರು. ಕಣಗಿಲೆ ಬೇರಿನ ವಿಷ ಎಂದು ಜಿಲ್ಲಾ ಡಾಕ್ಟರು ಬರೆದುಕೊಟ್ಟಿದ್ದರು.

ಈಗ ಶ್ರಾದ್ಧಕ್ಕೆಂದು ಬಂದ ಪಂಡಿತರು, ಸತ್ತ ಗುರುವಿನ ಗೌರವಕ್ಕೆ ಒಂದು ವಾದ ನಡೆಸಬೇಕಲ್ಲ, ಸಾವಿನ ಕಾರಣವನ್ನೇ ವಿಷಯ ಮಾಡಿಕೊಂಡಿದ್ದರು. ನಿರ್ಣಯದ ಕಾಗದ ಆಗಲೇ ಬರೆದಾಗಿತ್ತು. ಹದಿನಾಲ್ಕು ಸಹಿ ಬಿದ್ದರೆ ಅದು ಸಂಜೆಯ ಗಾಡಿಯಲ್ಲಿ, ಫೇಕನ್ ಜೊತೆಗೇ, ದರ್ಭಂಗಾಕ್ಕೆ ಹೋಗುತ್ತದೆ. ಅಲ್ಲಿರುವ ಜಡ್ಜ್ ಸಾಹೇಬ ಹೊಸಬ, ಪಂಡಿತರು ಬರೆದದ್ದನ್ನು ಕಣ್ಣಿಗೊತ್ತಿಕೊಳ್ಳುವ ಜಾತಿಯವನು. ಕಾಗದ ಅವನ ಮೇಜಿಗೆ ಬಿದ್ದ ದಿನವೇ ಫೇಕನ್ ಕೊರಳಿಗೆ ನೇಣು ಬಿದ್ದ ಹಾಗೆ. ಅದನ್ನು ತಡೆಯಲು ಕುಂಜಲಾಲನಿಗೆ ಈ ಮಧ್ಯಾಹ್ನ ಒಂದೇ ಉಳಿದಿತ್ತು.

"ಮುಂದುವರಿಸು," ಎಂದರು ಮಧ್ಯಸ್ಥರಾಗಿ ಕೂತಿದ್ದ ಮುದುಕ ಭವಾನಂದ ಠಾಕುರ್. ಅವರ ಕೆನ್ನೆಯೊಳಗೆ ಎಲೆಅಡಿಕೆ ಇತ್ತು.

ಧೀರೇಶ್ವರ ಬೆರಳು ಮಡಚತೊಡಗಿದ. ಗುರುವಿನ ಪಟ್ಟಶಿಷ್ಯ ಅವನು. ನಾಳೆ ಈ ಪಾಠಶಾಲೆಯ ಗದ್ದುಗೆ ಅವನದೇ ಎಂದು ಊರಿಗೆಲ್ಲ ಗೊತ್ತು.

"ಗಡಿಗೆ ಎರಡು. ಒಂದೇ ಮಣ್ಣು, ಒಂದೇ ಆವಿಗೆಯಲ್ಲಿ ಬೆಂದದ್ದು. ತುಂಬಿದ್ದು ಒಂದೇ ಬಾವಿಯ ನೀರು. ತುಂಬಿದ್ದೂ ಒಂದೇ ಕೈ, ಇವನ ಹೆಂಡತಿ ಸುಗಿಯಾಳದು. ಒಂದರ ನೀರು ಕುಡಿದ ಗುರುಗಳು ಹೋದರು. ಇನ್ನೊಂದರ ನೀರು ನಾನು ಹಬ್ಬದ ಬೆಳಗ್ಗೆಯೂ ಕುಡಿದೆ, ಈಗಲೂ ನಿಮ್ಮ ಮುಂದೆ ಕುಡಿದೆ. ಅಂದಮೇಲೆ ವಿಷ ನೀರಲ್ಲಿ ಇರಲಿಲ್ಲ, ತುಂಬಿದ ಕೈಯಲ್ಲೂ ಇರಲಿಲ್ಲ. ಉಳಿದದ್ದು ಆ ಒಂದು ಗಡಿಗೆಯ ಒಳಮೈ. ಆವಿಗೆಯಿಂದ ತೆಗೆದಮೇಲೆ ಬೇರಿನ ರಸ ಸವರಿದ್ದಾನೆ, ಹೊಸ ಮಣ್ಣು ಹೀರಿಕೊಂಡಿದೆ. ಅದು ಇದ್ದಲ್ಲಿ ಸಾವು, ಇಲ್ಲದಲ್ಲಿ ಸಾವಿಲ್ಲ. ಕಾರಣ ಅನ್ನೋದಕ್ಕೆ ಇದಕ್ಕಿಂತ ಏನು ಬೇಕು?"

"ಸಾಧು, ಸಾಧು," ಎಂದರು ಮೂರ್ನಾಲ್ಕು ಮಂದಿ.

ಕಾಶಿಯಿಂದ ಬಂದಿದ್ದ ಸಾಂಖ್ಯಪಂಡಿತನಿಗೆ ಸುಮ್ಮನಿರಲಾಗಲಿಲ್ಲ. "ಗಡಿಗೆವರೆಗೆ ಯಾಕೆ ಬರ್ತೀರಿ? ಕಾರ್ಯ ಅನ್ನೋದು ಕಾರಣದ ಒಳಗೆ ಮೊದಲೇ ಮಲಗಿರುತ್ತೆ. ಎಳ್ಳಲ್ಲಿ ಎಣ್ಣೆ ಇದ್ದಿದ್ದಕ್ಕೇ ಗಾಣದಲ್ಲಿ ಬರೋದು, ಮರಳು ಹಿಂಡಿ ನೋಡಿ. ಗುರುಗಳ ಸಾವು ಆ ಮಣ್ಣಲ್ಲೇ ಇತ್ತು. ಕುಂಬಾರ ಅದನ್ನ ಹೊರಗೆ ತೆಗೆದ, ಅಷ್ಟೆ."

"ಮಣ್ಣಲ್ಲೇ ಗಡಿಗೆ ಮಲಗಿರೋದಾದ್ರೆ ಶಾಸ್ತ್ರಿಗಳೇ, ನಾಳೆ ಸ್ನಾನಕ್ಕೆ ನೀರನ್ನ ಮಣ್ಣಿನ ಮುದ್ದೆಯಲ್ಲೇ ಹೊತ್ಕೊಂಡು ಬನ್ನಿ," ಎಂದ ಧೀರೇಶ್ವರ. "ಇಲ್ಲದ್ದು ಹೊಸದಾಗಿ ಹುಟ್ಟುತ್ತೆ. ಅದಕ್ಕೇ ಹುಟ್ಟಿಸಿದವನನ್ನ ಹಿಡಿಯೋದು."

ಮತ್ತೆ ನಗು. ಯಾರೋ ಎಲೆಅಡಿಕೆಯ ತಟ್ಟೆ ದಾಟಿಸಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುವುದನ್ನು ಕಣ್ಣಾರೆ ನೋಡಬೇಕಾದರೆ ಆ ತೋಪಿಗೆ ಬರಬೇಕಿತ್ತು. ಕುಂಜಲಾಲನ ಕಿವಿ ಕಾದು ಕೆಂಪಾಗಿತ್ತು. ಬಿಸಿಲಿಗಲ್ಲ.

ಅವನ ಸಿಟ್ಟು ಇವತ್ತಿನದಲ್ಲ. ಅವನ ಅಪ್ಪ ಕಾಯಸ್ಥ ಲಿಪಿಕಾರ. ಮೂವತ್ತು ವರ್ಷ ಇದೇ ಕೀರ್ತಿಧರ ಝಾ ಅವರ ಜಗಲಿಯಲ್ಲಿ ಕೂತು ಗ್ರಂಥ ನಕಲು ಮಾಡಿ ಕಣ್ಣು ಕಳೆದುಕೊಂಡವನು. ಅಪ್ಪ ಬರೆಯುತ್ತಿದ್ದರೆ ಮಗ ಪಕ್ಕದಲ್ಲಿ ಕೂತು ಓದಿ ಹೇಳಬೇಕಿತ್ತು. ಅರ್ಥ ಯಾರೂ ಹೇಳಿಕೊಡಲಿಲ್ಲ, ಒಳಗೆ ಕರೆಯಲೂ ಇಲ್ಲ. ಆದರೂ ಕಾರಣ ಯಾವುದು, ಕಾರಣದ ಪಕ್ಕದಲ್ಲಿ ಸುಮ್ಮನೆ ನಿಂತದ್ದು ಯಾವುದು ಎಂಬ ಆ ಪುಟಗಳು ಅವನ ತಲೆಯಲ್ಲಿ ಇವತ್ತಿಗೂ ಅಚ್ಚಳಿಯದೆ ಇದ್ದವು.

ತೋಪಿನ ಅಂಚಿನಿಂದ ಸುಗಿಯಾಳ ಗಂಟಲು ಮತ್ತೆ ಎದ್ದಿತು. ಬೆಳಗಿನಿಂದ ಅದು ಬಿಡುವು ಕೊಟ್ಟಿರಲಿಲ್ಲ.

"ಎಳ್ಳಂತೆ, ಎಣ್ಣೆಯಂತೆ. ನನ್ ಗಂಡನ್ನ ದನ ಕಟ್ದಂಗ್ ಕಟ್ಬುಟ್ಟು ಗಾಣ ಆಡುಸ್ತಾ ಕುಂತವ್ರೆ. ಏ ದಾರೋಗಾ ಸರಕಾರ್, ಮೀಸೆ ಯಾತಕ್ಕೆ ಬಿಟ್ಟಿದ್ದೀರಿ? ಹೇನು ಸಾಕಕ್ಕಾ?"

"ಸುಮ್ಕಿರೇ," ಎಂದ ಫೇಕನ್ ಮರದ ಬುಡದಿಂದ. "ದೊಡ್ಡೋರು ಮಾತಾಡ್ತಾವ್ರೆ."

"ದೊಡ್ಡೋರು ಮಾತಾಡಿದ್ದಕ್ಕೇ ನೀನು ಮರಕ್ಕೆ ಅಂಟ್ಕಂಡಿರೋದು, ಮಂಕೇ."

ಸಾಯುವ ಕೆಲವು ದಿನ ಮೊದಲು ಗುರುಗಳು ಸ್ನಾನದ ಕಟ್ಟೆ ಕೆಡುತ್ತದೆಂದು ಕೊಳದ ದಡದಲ್ಲಿ ಫೇಕನ್ ಮಣ್ಣು ತೆಗೆಯುತ್ತಿದ್ದ ಗುಂಡಿ ಮುಚ್ಚಿಸಿದ್ದರು. ಆಗ ಫೇಕನ್ "ಇದರ ಫಲ ಉಣ್ತೀರಿ" ಎಂದು ಕೂಗಿದ್ದ. ಹತ್ತಾರು ಜನ ಕೇಳಿಸಿಕೊಂಡಿದ್ದರು. ಊರಿಗೆ ಅಷ್ಟೇ ಸಾಕಾಗಿತ್ತು.

ಭವಾನಂದರು ಲೇಖನಿ ಎತ್ತಿಕೊಂಡರು. ಕುಂಜಲಾಲ್ ಎದ್ದು ನಿಂತ.

"ಸಹಿಗೆ ಮೊದಲು ನನ್ನದೊಂದೆರಡು ಮಾತು."

"ನೀವು ಕೂಡ ವಾದಕ್ಕೆ ಇಳಿತೀರಾ ದಾರೋಗಾಜಿ?" ಧೀರೇಶ್ವರ ಹುಬ್ಬೇರಿಸಿದ. "ನಿಮ್ಮಪ್ಪನ ಅಕ್ಷರ ಮುತ್ತಿನ ಹಾಗಿತ್ತು. ಅರ್ಥದ ಗೊಡವೆಗೆ ಅವರು ಹೋಗ್ತಿರಲಿಲ್ಲ."

ಸಭೆಯಲ್ಲಿ ಕಿಸಕ್ಕೆಂದ ಸದ್ದಾಯಿತು. ಕುಂಜಲಾಲ್ ಆ ಮಾತನ್ನು ನುಂಗಿಕೊಂಡ. ಸುಲಭವಾಗಿ ಇಳಿಯಲಿಲ್ಲ.

"ನಿಮ್ಮ ಗ್ರಂಥದಲ್ಲಿ ಒಂದು ಕತ್ತೆ ಬರುತ್ತೆ ಪಂಡಿತರೇ. ಕುಂಬಾರನ ಕತ್ತೆ. ಮಣ್ಣು ಹೊತ್ತು ತರುತ್ತೆ, ಗಡಿಗೆ ಹುಟ್ಟೋ ಮೊದಲು ಅಲ್ಲೇ ನಿಂತಿರುತ್ತೆ. ಆದ್ರೂ ಗಡಿಗೆಗೆ ಅದು ಕಾರಣ ಅಲ್ಲ ಅಂತ ಬಿಟ್ಟುಬಿಟ್ಟಿದ್ದೀರಿ. ಕತ್ತೆಗೆ ಸಿಕ್ಕ ನ್ಯಾಯ ಅದರ ಯಜಮಾನನಿಗೆ ಸಿಗಬಾರದಾ?"

ಯಾರೂ ನಗಲಿಲ್ಲ. ಭವಾನಂದರು ಮಾತ್ರ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದರು.

"ಕೇಳಪ್ಪ, ಏನು ಕೇಳಬೇಕು ಕೇಳು."

"ಹಬ್ಬದ ಹಿಂದಿನ ಸಂಜೆ ಎರಡೂ ಗಡಿಗೆಗೆ ಸುಗಿಯಾ ನೀರು ತುಂಬಿದ್ದು ಎಲ್ಲಿ?"

"ಗುರುಗಳ ಮನೆ ಜಗಲಿ ಮೇಲೆ," ಎಂದ ಧೀರೇಶ್ವರ. "ಎಲ್ಲರೂ ನೋಡಿದ್ದಾರೆ."

"ಗುರುಗಳು ತೀರಿಕೊಂಡಾಗ ಮನೇಲಿದ್ದ ಮಣ್ಣಿನ ಪಾತ್ರೆಗಳನ್ನ ಏನು ಮಾಡಿದ್ರಿ?"

"ಏನು ಮಾಡೋದು? ಸೂತಕದ ಮನೆ. ಒಡೆಸಿ ಹೊರಗೆ ಎಸೆಸಿದೆ. ಅದು ನಿಮಗೂ ಗೊತ್ತಿರಬೇಕಲ್ಲ."

ಗೊತ್ತಿತ್ತು. ಕುಂಜಲಾಲ್ ಊರಿಗೆ ಬಂದು ಇಳಿಯುವ ಹೊತ್ತಿಗೆ ವಿಷದ ಗಡಿಗೆಯೂ ಸೇರಿ ಎಲ್ಲ ಕೊಳದ ಬದಿಯಲ್ಲಿ ಚೂರುಚೂರಾಗಿ ಬಿದ್ದಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸಾಕ್ಷಿಯನ್ನೆಲ್ಲ ಸಂಪ್ರದಾಯವೇ ಕುಟ್ಟಿ ಹಾಕಿತ್ತು. ಆವತ್ತು ಅವನು ಆ ಚೂರುಗಳ ಮಧ್ಯೆ ನಿಂತು ಹಲ್ಲು ಕಡಿದಿದ್ದ.

"ಅಪ್ಪಿತಪ್ಪಿ ಒಂದು ಪಾತ್ರೆ ಒಡೆಯದೆ ಉಳಿದಿದ್ರೆ? ಅದರಲ್ಲಿ ನೀವು ನೀರು ಕುಡೀತಿದ್ರಾ?"

ಧೀರೇಶ್ವರನ ಮುಖದಲ್ಲಿ ಅಸಹ್ಯ ಕಾಣಿಸಿತು. ನಟನೆ ಅಲ್ಲ, ನಿಜವಾದ ಅಸಹ್ಯ. "ಹೆಣ ಬಿದ್ದ ಮನೆಯ ಮಣ್ಣಿನ ಪಾತ್ರೆ? ನಾನು ಆ ಮನೆಯ ಎಲೆಅಡಿಕೆ ಕೂಡ ಮುಟ್ಟಿಲ್ಲ. ಇಲ್ಲಿರೋರನ್ನ ಯಾರನ್ನಾದ್ರೂ ಕೇಳಿ."

"ಕೇಳೋದು ಬೇಡ, ನಂಬ್ತೀನಿ." ಕುಂಜಲಾಲ್ ಮುಂದೆ ಬಂದು ಗಡಿಗೆಯ ಪಕ್ಕದಲ್ಲಿ ನಿಂತ. ಮುಟ್ಟಲಿಲ್ಲ. "ಹಾಗಾದ್ರೆ ಇದನ್ನ ಕುಡಿದ್ರಲ್ಲ, ಇದು ಯಾವುದು?"

ಉತ್ತರಕ್ಕೆ ಕಾಯದೆ ಅವನೇ ಮುಂದುವರಿಸಿದ.

"ಹಿಂದಿನ ಸಂಜೆ ಇದು ಗುರುಗಳ ಜಗಲಿಯಲ್ಲಿತ್ತು, ನೀವೇ ಹೇಳಿದ್ದು. ಪ್ರಾಣ ಹೋಗೋ ಹೊತ್ತಿಗೂ ಅಲ್ಲೇ ಇತ್ತು ಅನ್ನಿ. ಆಗ ಇದು ಸೂತಕದ ಪಾತ್ರೆ. ಹದಿನಾಲ್ಕು ಜನರೆದುರು ಕುಡಿದ ನೀವು ಜಾತಿ ಕೆಟ್ಟಿರಿ. ಇವತ್ತು ನಿಮ್ಮ ಪಂಕ್ತಿಯಲ್ಲಿ ಯಾರೂ ಕೂರೋದಿಲ್ಲ, ಗದ್ದುಗೆ ಕನಸಲ್ಲೂ ಇಲ್ಲ. ಇಲ್ಲ, ಆ ಹೊತ್ತಿಗೆ ಅಲ್ಲಿ ಇರಲಿಲ್ಲ ಅನ್ನಿ. ಹಾಗಾದ್ರೆ ಸಾವಿಗೆ ಮೊದಲೇ ಇದನ್ನ ಯಾರೋ ಆ ಮನೆಯಿಂದ ದಾಟಿಸಿದ್ದಾರೆ. ಬೆಳಗಾದ್ರೆ ಆ ಮನೇಲಿ ಹೆಣ ಬೀಳುತ್ತೆ, ಪಾತ್ರೆ ಎಲ್ಲ ಒಡೀತಾರೆ, ಒಂದನ್ನ ಉಳಿಸ್ಕೋಬೇಕು ಅಂತ ಅವರಿಗೆ ಮೊದಲೇ ಗೊತ್ತಿತ್ತು."

ಅವನ ದನಿ ಏರಿತು. ತಡೆದುಕೊಳ್ಳಲು ಅವನು ನೋಡಲೂ ಇಲ್ಲ.

"ಬೇರೆ ಯಾವ ಕೊಲೆಗಡುಕನಾಗಿದ್ರೂ ಆ ಗಡಿಗೆನೂ ಒಡೆದುಹೋಗ್ಲಿ ಅಂತ ಬಿಡ್ತಿದ್ದ. ನಿಮ್ಮೋರಿಗೆ ಮಾತ್ರ ಬಿಡಕ್ಕಾಗಲ್ಲ. ಇದ್ದಲ್ಲಿ ಸಾವು ಅಂದಮೇಲೆ ಇಲ್ಲದಲ್ಲಿ ಸಾವಿಲ್ಲ ಅಂತ ತೋರಿಸಕ್ಕೆ ಒಂದು ಉದಾಹರಣೆ ಬೇಕೇ ಬೇಕು. ಉದಾಹರಣೆ ಇಲ್ಲದ ವಾದ ನಿಮಗೆ ಉಪ್ಪಿಲ್ಲದ ಊಟ. ಹೇಳಿ ಪಂಡಿತರೇ, ಮೈಲಿಗೆ ಆದವರಾ, ಮೊದಲೇ ಗೊತ್ತಿದ್ದವರಾ? ಎರಡೂ ತುದಿಗೂ ಕುಣಿಕೆ ಇರೋ ಹಗ್ಗ ಅಂತೀರಲ್ಲ, ಅದು ಇದೇ. ಯಾವ ತುದಿ ಬೇಕೋ ಹಾಕ್ಕೊಳ್ಳಿ."

ಸಭೆ ಗದ್ದಲವಾಯಿತು. ಧೀರೇಶ್ವರನ ಎಡಬಲಕ್ಕೆ ಕೂತಿದ್ದ ಇಬ್ಬರು ಗೊತ್ತಾಗದ ಹಾಗೆ ಸರಿದು ಕೂತರು. ಸ್ವಲ್ಪ ದೂರದಲ್ಲಿ, ಬೋಳಿಸಿದ ತಲೆಯ ಮೇಲೆ ಬಿಳಿ ಬಟ್ಟೆ ಹೊದ್ದು ಒಂಟಿಯಾಗಿ ಕೂತಿದ್ದ ಗುರುಪುತ್ರ ಪೀತಾಂಬರ ಝಾ ಮೊದಲ ಸಲ ತಲೆಯೆತ್ತಿದ. ಗದ್ದುಗೆ ತನಗಿಲ್ಲ, ಶಿಷ್ಯನಿಗೆ ಎಂದು ಗೊತ್ತಾದಂದಿನಿಂದ ಅವನು ಅಪ್ಪನ ಜೊತೆ ಮಾತು ಬಿಟ್ಟಿದ್ದವನು. ಈ ಹನ್ನೆರಡು ದಿನವೂ ಯಾರ ಜೊತೆಗೂ ಮಾತಾಡಿರಲಿಲ್ಲ.

"ಧೀರೇಶ್ವರ," ಎಂದರು ಭವಾನಂದರು. "ಉತ್ತರ ಹೇಳು."

ಧೀರೇಶ್ವರ ಗಡಿಗೆಯ ಕಡೆ ನೋಡಿದ. ಬೆವರು ಒರೆಸಿಕೊಂಡ. ಕುಂಜಲಾಲನಿಗೆ ಗೆದ್ದೆನೆಂಬ ಬಿಸಿ ಎದೆಗೆ ಏರಿತು. ಜಗಲಿಯಲ್ಲಿ ಕುರುಡಾದ ಅಪ್ಪ ನೆನಪಾದ. ಅಪ್ಪ ಇದನ್ನು ಕೇಳಿಸಿಕೊಳ್ಳಬೇಕಿತ್ತು ಅನ್ನಿಸಿತು. ಆ ಖುಷಿಯಲ್ಲಿ ಅವನು ಒಂದು ಸಣ್ಣ ವಿಷಯ ಮರೆತಿದ್ದ.

"ಹಿಂದಿನ ಸಂಜೆಯೇ ಇದು ನನ್ನ ಗುಡಿಸಲಿಗೆ ಬಂತು," ಎಂದ ಧೀರೇಶ್ವರ ಮೆಲ್ಲಗೆ. "ಒಪ್ಪಿದೆ. ಹಬ್ಬಕ್ಕೆ ನೀರು ತುಂಬಿದ ಹೊಸ ಗಡಿಗೆಯನ್ನ ಬ್ರಾಹ್ಮಣರಿಗೆ ದಾನ ಕೊಡೋದು ಈ ಸೀಮೆಯ ರೂಢಿ ದಾರೋಗಾಜಿ. ನಿಮ್ಮ ಮನೆಯಲ್ಲೂ ಕೊಡ್ತೀರಿ. ಬಂದದ್ದನ್ನ ನಾನು ತಗೊಂಡೆ. ಅದರಲ್ಲಿ ಗೊತ್ತಿರೋದು ಏನು ಬಂತು?"

"ಯಾರು ಕೊಟ್ಟಿದ್ದು?"

"ಅದನ್ನ ನನ್ನ ಬಾಯಿಂದ ಹೇಳಿಸಬೇಡಿ."

"ಹೇಳಿ. ಯಾರು ಕೊಟ್ಟಿದ್ದು?"

ಧೀರೇಶ್ವರ ಕೈ ಚಾಚಿ ತೋಪಿನ ಅಂಚಿಗೆ ತೋರಿಸಿದ.

"ಸುಗಿಯಾ. ಜಗಲಿಯಿಂದ ಎತ್ತಿಕೊಂಡು, ಕೊಳ ದಾಟಿ, ತಾನೇ ತಂದು ಬಾಗಿಲಲ್ಲಿಟ್ಟಳು. ಎದುರುಗಡೆ ಎಮ್ಮೆ ತೊಳೀತಿದ್ದ ನಾಲ್ಕು ಜನ ನೋಡಿದ್ದಾರೆ. ಈಗಲೇ ಕರೆಸಿ."

ಅವನ ದನಿಗೆ ಶಕ್ತಿ ಮರಳಿತ್ತು.

"ನನ್ನ ಮೊದಲ ವಾದದಲ್ಲಿ ನೀರನ್ನೂ ಬಿಟ್ಟಿದ್ದೆ, ತುಂಬಿದ ಕೈಯನ್ನೂ ಬಿಟ್ಟಿದ್ದೆ. ಒಂದೇ ಕೈ ಎರಡಕ್ಕೂ ತುಂಬಿದ್ದು, ಎರಡನ್ನೂ ಅಲ್ಲೇ ಬಿಟ್ಟು ಹೋದದ್ದು ಅಂತ ಎಲ್ಲರೂ ತಿಳಿದಿದ್ದರು, ನಾನೂ ಅಷ್ಟಕ್ಕೇ ನಿಲ್ಲಿಸಿದ್ದೆ. ನೀವು ಗಡಿಗೆ ಯಾವಾಗ ಹೊರಗೆ ಬಂತು ಅಂತ ಕೆದಕಿದ್ರಿ. ಈಗ ನೋಡಿ, ಎರಡನ್ನೂ ತುಂಬಿದ ಕೈಯೇ ಒಂದನ್ನ ಆ ಮನೇಲಿ ಬಿಟ್ಟು ಒಂದನ್ನ ಹೊರಗೆ ದಾಟಿಸಿದೆ. ಮೊದಲೇ ಗೊತ್ತಿದ್ದದ್ದು ಯಾರಿಗೆ? ಹೆಂಗಸು ಅಂತ ನಾನು ಸುಮ್ಮನಿದ್ದೆ. ಅವಳನ್ನ ಎಳೆದು ತಂದವರು ನೀವು."

ಕುಂಜಲಾಲ್ ಸುಗಿಯಾಳ ಕಡೆ ತಿರುಗಿದ. ಸುಳ್ಳು ಎಂದು ಅವಳು ಕೂಗುತ್ತಾಳೆ, ಈ ಪಂಡಿತನ ಏಳು ತಲೆಮಾರನ್ನು ಜಾಲಾಡಿಸುತ್ತಾಳೆ ಎಂದು ಕಾದ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ಸುಗಿಯಾ, ಹೌದಾ?"

ಅವಳು ಸೆರಗನ್ನು ಇನ್ನೂ ಬಿಗಿಯಾಗಿ ಒತ್ತಿಕೊಂಡಳು.

"ನಿನ್ನನ್ನೇ ಕೇಳ್ತಿರೋದು. ಗಡಿಗೆ ನೀನೇ ಒಯ್ದದ್ದಾ? ಯಾರು ಹೇಳಿದ್ರು ಒಯ್ಯಕ್ಕೆ?"

"ಒಯ್ದೆ," ಎಂದಳು. ಯಾರು ಹೇಳಿದರು ಅನ್ನುವುದಕ್ಕೆ ಅವಳ ಕಣ್ಣು ಗುರುಪುತ್ರನ ಕಡೆ ಹೊರಳಿತು, ಬಾಯಿ ಬಿಡಲಿಲ್ಲ.

ಭವಾನಂದರು ನಿಟ್ಟುಸಿರು ಬಿಟ್ಟು ಬರೆದ ಕಾಗದವನ್ನು ಹತ್ತಿರ ಎಳೆದುಕೊಂಡರು. "ಹೆಸರು ತಿದ್ದಿದರೆ ಸಾಕು. ಗಡಿಗೆ ಅಂತ ಇರೋ ಕಡೆ ಕೈ ಅಂತ ಆಗಬೇಕು, ಕುಂಬಾರ ಅಂತ ಇರೋ ಕಡೆ ಕುಂಬಾರತಿ."

ಎಷ್ಟು ಸುಲಭ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ, ಎಮ್ಮೆ ಸಿಗದಿದ್ದರೆ ಪಕ್ಕದ ಕರುವಿಗೆ. ಕುಂಜಲಾಲನಿಗೆ ಆ ಲೇಖನಿ ಕಿತ್ತು ಮುರಿಯಬೇಕು ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ ತನ್ನ ಕೆನ್ನೆಗೇ ಬಾರಿಸಿಕೊಳ್ಳಬೇಕು ಅನ್ನಿಸಿತು. ಜಾಣತನ ತೋರಿಸುವ ಹುಮ್ಮಸ್ಸಿನಲ್ಲಿ ಗಂಡನ ಕೊರಳಿನ ಹಗ್ಗ ಬಿಚ್ಚಿ ಹೆಂಡತಿಯ ಕೊರಳಿಗೆ ಹಾಕಿದ್ದ.

"ಪಂಡಿತ್ರೇ."

ಮರದ ಬುಡದಿಂದ ದನಿ ಬಂತು. ಫೇಕನ್ ಹಗ್ಗದ ಜೊತೆಗೇ ಮೇಲೇಳಲು ಹೆಣಗುತ್ತಿದ್ದ.

"ಪಂಡಿತ್ರೇ, ಹೆಸ್ರು ತಿದ್ದಬೇಡಿ. ಮೊದ್ಲು ಬರ್ದಿದ್ದೇ ಸರಿ. ನಾನೇ ಸವರ್ದೆ ವಿಷವ."

"ಬಾಯಿ ಮುಚ್ಚು," ಎಂದ ಕುಂಜಲಾಲ್.

"ಕಣಗಿಲೆ ಬೇರು ಅರ್ದು, ಬಟ್ಟೇಲಿ ಅದ್ದಿ, ಒಳಗಡೆ ಸವರ್ದೆ. ಮಣ್ಣಿನ ಗುಂಡಿ ಮುಚ್ಚುಸುದ್ರಲ್ಲ, ಅದ್ಕೆ. ಇವ್ಳಿಗೆ ಏನೂ ಗೊತ್ತಿಲ್ಲ. ಇವ್ಳು ನೀರು ಹುಯ್ದವ್ಳು ಅಷ್ಟೆ."

"ಫೇಕನ್, ಸುಮ್ಮನಿರು ಅಂದೆ. ಮೂರ್ಖ, ನಿನಗೇನು ತಲೆ ಕೆಟ್ಟಿದೆಯಾ?" ಕುಂಜಲಾಲ್ ಓಡಿ ಹೋಗಿ ಅವನ ಭುಜ ಹಿಡಿದು ಅಲುಗಿಸಿದ. ಪೊಲೀಸಿನವನ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಹದಿನಾಲ್ಕು ಮಂದಿ ಪಂಡಿತರ ಮುಂದೆ ಒಪ್ಪಿಕೊಂಡದ್ದು ಬಂಡೆಯ ಹಾಗೆ ನಿಲ್ಲುತ್ತದೆ.

ಫೇಕನ್ ಅವನ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದ. "ಸರಕಾರ್, ನೀವು ನನ್ನ ಬಿಡುಸ್ಬೇಕು ಅಂತ್ಲೇ ಮಾಡುದ್ರಿ, ಗೊತ್ತದೆ. ಆದ್ರೆ ಈ ಜನ ಒಬ್ರನ್ನ ತಗಳ್ದೆ ಎದ್ದೋಗಕಿಲ್ಲ. ನಂದೇ ಇರ್ಲಿ ಬಿಡಿ. ಅವ್ಳ ಬಾಯಿ ಕೆಟ್ಟದು, ಕೈ ಒಳ್ಳೇದು."

ಕುಂಜಲಾಲ್ ಸಭೆಯ ಕಡೆ ತಿರುಗಿ ಅರಚಿದ. "ಹೆಂಡತಿನ ಉಳಿಸಕ್ಕೆ ಹೇಳ್ತಿದ್ದಾನೆ, ಇಷ್ಟು ಓದಿದವರಿಗೆ ಇದು ಅರ್ಥ ಆಗಲ್ವಾ? ಸುಗಿಯಾ, ಹೇಳು ನೀನಾದ್ರೂ. ಇವನು ಹೇಳ್ತಿರೋದು ಸುಳ್ಳು ಅಂತ ಒಂದು ಮಾತು ಹೇಳು. ಒಂದೇ ಮಾತು."

ಸುಗಿಯಾ ಸೆರಗನ್ನು ಬಾಯಿಂದ ತೆಗೆದಳು. ನಾಲ್ಕು ಹೆಜ್ಜೆ ಮುಂದೆ ಬಂದಳು. ಅವಳ ಕಣ್ಣು ಗಂಡನ ಮೇಲಿರಲಿಲ್ಲ, ದಾರೋಗಾನ ಮೇಲೂ ಇರಲಿಲ್ಲ. ಬಿಳಿ ಬಟ್ಟೆ ಹೊದ್ದು ಒಂಟಿಯಾಗಿ ಕೂತಿದ್ದ ಪೀತಾಂಬರ ಝಾನ ಮೇಲಿತ್ತು. ಅವನು ಬೇಡವೆನ್ನುವಂತೆ ತಲೆಯನ್ನು ಒಂದೇ ಒಂದು ಸಲ, ನೊಣ ಓಡಿಸುವಷ್ಟು, ಅಲ್ಲಾಡಿಸಿದ.

"ಸುಳ್ಳಲ್ಲ," ಎಂದಳು ಸುಗಿಯಾ. "ಇವ್ನು ಸವರೋದ ನಾನು ನೋಡ್ದೆ."

ಫೇಕನ್ ಹೆಂಡತಿಯ ಕಡೆ ನೋಡಿದ. ಅವಳನ್ನು ಉಳಿಸಲು ಹೇಳಿದ ಸುಳ್ಳಿಗೆ ಅವಳೇ ಸಾಕ್ಷಿ ನುಡಿಯುತ್ತಾಳೆಂದು ಅವನು ಎಣಿಸಿರಲಿಲ್ಲ.

ಭವಾನಂದರು ಲೇಖನಿಯನ್ನು ಮಸಿಯಲ್ಲಿ ಅದ್ದಿ ಮೊದಲ ಸಹಿ ಹಾಕಿ, ಕಾಗದವನ್ನು ಪಕ್ಕದವರಿಗೆ ದಾಟಿಸಿದರು.